ಧೂಳಿನ ಹಿಂದಿನ ನಕ್ಷತ್ರಗಳು

ಬೇಸಿಗೆಯ ಕತ್ತಲ ರಾತ್ರಿ ಹಳ್ಳಿಯ ಅಂಗಳದಲ್ಲಿ ನಿಂತು ವೃಶ್ಚಿಕ, ಧನು ರಾಶಿಗಳ ಕಡೆ ನೋಡಿದವರಿಗೆ ಗೊತ್ತಿರುತ್ತೆ, ಆಕಾಶಗಂಗೆಯ ಬೆಳ್ಳನೆಯ ಪಟ್ಟಿ ನಡುವೆ ಸೀಳಿದ ಹಾಗೆ ಕಪ್ಪಾಗಿರುತ್ತೆ. ಅಲ್ಲಿ ನಕ್ಷತ್ರಗಳಿಲ್ಲ ಅಂತಲ್ಲ, ಅಡ್ಡಕ್ಕೆ ಧೂಳಿದೆ. ವಿಲಿಯಂ ಹರ್ಷೆಲ್‌ನಂಥವನೇ ಇಂಥ ಜಾಗಗಳನ್ನು ಆಕಾಶದ ತೂತು ಅಂದುಕೊಂಡಿದ್ದ.

ಧೂಳನ್ನು ಲೆಕ್ಕದಲ್ಲಿ ಹಿಡಿದದ್ದು ರಾಬರ್ಟ್ ಟ್ರಂಪ್ಲರ್, 1930ರಲ್ಲಿ. ಅದೂ ನಕ್ಷತ್ರಗುಚ್ಛಗಳ ಸಹಾಯದಿಂದ. ಕೃತ್ತಿಕೆ ಗೊತ್ತಲ್ಲ, ಅಂಥ, ಒಟ್ಟಿಗೆ ಹುಟ್ಟಿದ ನಕ್ಷತ್ರಗಳ ಗುಂಪುಗಳು. ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿದ್ದ ಆತ, ನಕ್ಷತ್ರಗಳು ಎಷ್ಟು ಮಂಕಾಗಿವೆ ಅನ್ನೋದರಿಂದ ಗುಚ್ಛಗಳ ದೂರ ಲೆಕ್ಕ ಹಾಕಿದ. ಆ ದೂರದಿಂದ ಅವುಗಳ ಗಾತ್ರ ಹಾಕಿ ನೋಡಿದರೆ, ನಮ್ಮಿಂದ ದೂರ ಹೋದಷ್ಟೂ ಗುಚ್ಛಗಳು ದೊಡ್ಡದಾಗುತ್ತಾ ಹೋದವು! ನಾವೆಲ್ಲಿದ್ದೇವೆ ಅಂತ ನೋಡಿಕೊಂಡು ಅವು ಊದಿಕೊಳ್ಳೋದು ಎಲ್ಲಾದರೂ ಉಂಟೇ? ದಾರಿಯಲ್ಲಿ ಧೂಳು ಬೆಳಕನ್ನು ನುಂಗುತ್ತಿದೆ, ಹಾಗಾಗಿ ದೂರದ ಲೆಕ್ಕವೇ ಹೆಚ್ಚಾಗಿ ಬಂದಿದೆ ಅಂದ ಆತ. ಖಗೋಳದಲ್ಲಿ ನನಗೆ ತುಂಬಾ ಇಷ್ಟವಾದ ತರ್ಕ ಇದು.

ಆಕಾಶಗಂಗೆಯ ಕೇಂದ್ರದ ಕಡೆಯಂತೂ ಧೂಳು ವಿಪರೀತ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅಲ್ಲಿಂದ ಹೊರಟದ್ದರ ಸುಮಾರು ಲಕ್ಷ ಕೋಟಿಯಲ್ಲಿ ಒಂದು ಪಾಲು ನಮ್ಮನ್ನು ಮುಟ್ಟುತ್ತೆ. ಅದೇ 2.2 ಮೈಕ್ರಾನ್ ಅಲೆಯುದ್ದದ ಅವಕೆಂಪಿನಲ್ಲಿ ಸುಮಾರು ಹತ್ತರಲ್ಲಿ ಒಂದು. ಸುಮಾರು 26 ಸಾವಿರ ಜ್ಯೋತಿರ್ವರ್ಷ ದೂರದ ಆರ್ಚಸ್ ಗುಚ್ಛ 1990ರ ದಶಕದಲ್ಲಿ ಸಿಕ್ಕಿದ್ದು ಹೀಗೆ.

ಎಂಎಸ್ಸಿ ಆದ ಮೇಲೆ ನನಗೆ ಪಿಎಚ್‌ಡಿಗೆ ಸೀಟು ಸಿಕ್ಕಿತ್ತು. ಮನೆಯ ಸಾಲ ಬಿಡಲಿಲ್ಲ, ಸಾಫ್ಟ್‌ವೇರ್ ಸೇರಿದೆ. ಚಟ ಮಾತ್ರ ಹೋಗಲಿಲ್ಲ ನೋಡಿ. ರಾತ್ರಿ ಊಟ ಮುಗಿಸಿ ಟೂಮಾಸ್ ಸಮೀಕ್ಷೆಯ ಚಿತ್ರಗಳನ್ನು ತೆರೆದು ಕೂರುತ್ತೇನೆ. 1997ರಿಂದ 2001ರವರೆಗೆ ಅರಿಜೋನಾ ಮತ್ತು ಚಿಲಿಯ ಎರಡು ದೂರದರ್ಶಕಗಳು ಇಡೀ ಆಕಾಶವನ್ನು ಅವಕೆಂಪಿನಲ್ಲಿ ತೆಗೆದ ಚಿತ್ರಗಳವು, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಯಾವ ಪಟ್ಟಿಯಲ್ಲೂ ಇಲ್ಲದ ಗುಂಪೊಂದು ಕಂಡರೆ ಎದೆ ಡವಡವ ಅನ್ನುತ್ತೆ. ಆದರೆ ಅದು ನಿಜವಾದ ಗುಚ್ಛವೋ, ಧೂಳು ತೆಳುವಾಗಿರುವ ಬರೀ ಕಿಂಡಿಯೋ? ಕಿಂಡಿಯಲ್ಲೂ ಹಿಂದಿನ ನಕ್ಷತ್ರಗಳು ಹೆಚ್ಚಾಗಿ ಇಣುಕಿ, ಗುಂಪಿನ ಹಾಗೇ ಕಾಣುತ್ತವೆ. ಆಗ ಬಣ್ಣ ನೋಡಬೇಕು. ಧೂಳು ಬೆಳಕನ್ನು ಕೆಂಪಾಗಿಸುತ್ತೆ, ಆದ್ದರಿಂದ ಕಿಂಡಿಯೊಳಗಿನವು ಸುತ್ತಲಿನವಕ್ಕಿಂತ ಕಡಿಮೆ ಕೆಂಪು.

ನಾನು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟ ಹನ್ನೊಂದರಲ್ಲಿ ಹತ್ತು ಕಿಂಡಿಗಳೇ. "ಇದರಿಂದ ಏನು ಬರುತ್ತೆ ನಿಮಗೆ?" ಅಂತ ಹೆಂಡತಿ ಕೇಳುತ್ತಾಳೆ. ದುಡ್ಡಂತೂ ಇಲ್ಲ.

ಉಳಿದ ಒಂದು ಮಾತ್ರ ಸುತ್ತಲಿಗಿಂತ ಹೆಚ್ಚು ಕೆಂಪಗಿದೆ, ಆದರೂ ಕಿಕ್ಕಿರಿದಿದೆ. ಅದರ ನಕ್ಷತ್ರಗಳು ಒಂದೇ ದಿಕ್ಕಿನಲ್ಲಿ ಜೊತೆಯಾಗಿ ಸಾಗುತ್ತಿವೆಯೇ ಅಂತ ಅಳೆಯಬೇಕು. 2014ರಿಂದ 2025ರ ಆರಂಭದವರೆಗೆ ಆಕಾಶ ಅಳೆದ ಗಾಯಾ ನೌಕೆ ನೋಡಿದ್ದು ಹೆಚ್ಚೂಕಡಿಮೆ ನಮ್ಮ ಕಣ್ಣು ನೋಡುವ ಬೆಳಕನ್ನೇ, ಇಷ್ಟು ದಟ್ಟ ಧೂಳಿನ ಮುಂದೆ ಅದೂ ಕುರುಡು. ಚಿಲಿಯ ವಿಸ್ಟಾ ದೂರದರ್ಶಕ 2010ರಿಂದ ವರ್ಷಗಟ್ಟಲೆ ಆ ಕಡೆಯನ್ನೇ ಮತ್ತೆ ಮತ್ತೆ ತೆಗೆದ ಅವಕೆಂಪು ಚಿತ್ರಗಳಿವೆ. ನಿನ್ನೆ ರಾತ್ರಿ ಇಳಿಸಲು ಹಚ್ಚಿ ಮಲಗಿದೆ, ಇನ್ನೂ ಅರ್ಧ ಬಾಕಿ ಇದೆ.