ಹೆಪ್ಪುಗಟ್ಟುವ ರಕ್ತ ಮತ್ತು ಹೊಟ್ಟೆಯ ಬೇನೆ

“ಗಾಯವಾದೊಡನೆ ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್, ಕರಗದ ಫೈಬ್ರಿನ್ ಎಳೆಗಳಾಗಿ ಮಾರ್ಪಟ್ಟು ಬಲೆ ಹೆಣೆಯುತ್ತದೆ.” ನನ್ನ ಜೀವಶಾಸ್ತ್ರದ ತರಗತಿಯಲ್ಲಿ ಕುಳಿತಿದ್ದವರಿಗೆ ಈ ವಾಕ್ಯ ನೆನಪಿದ್ದೀತು. ಪರೀಕ್ಷೆಯಲ್ಲಿ ಎರಡು ಅಂಕಗಳ ಪ್ರಶ್ನೆ ಅದು. ನಿವೃತ್ತನಾದ ಮೇಲೆ, ನಮ್ಮ ಭಾವನವರ ಕಾಯಿಲೆಯ ದಿನಗಳಲ್ಲಿ, ಆ ಪಾಠದ ಮುಂದಿನ ಭಾಗವನ್ನು ನಾನೇ ವಿದ್ಯಾರ್ಥಿಯಾಗಿ ಕಲಿಯಬೇಕಾಯಿತು.

ಅವರಿಗೆ ಬಂದದ್ದು ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತ. ಜಠರದ ಹಿಂದಿರುವ ಈ ಗ್ರಂಥಿ ಜೀರ್ಣಕಾರಿ ಕಿಣ್ವಗಳನ್ನು ತಯಾರಿಸಿ ಸಣ್ಣ ಕರುಳಿಗೆ ಕಳುಹಿಸುತ್ತದೆ. ಭಾವನವರ ಪಿತ್ತಕೋಶದ ಕಲ್ಲೊಂದು ಜಾರಿ ನಾಳಕ್ಕೆ ಅಡ್ಡವಾಗಿತ್ತು. ಹಾಗಾದಾಗ ಕಿಣ್ವಗಳು ಗ್ರಂಥಿಯೊಳಗೇ ಚುರುಕುಗೊಂಡು ಗ್ರಂಥಿಯನ್ನೇ ಜೀರ್ಣಿಸತೊಡಗುತ್ತವೆ. ಮದ್ಯಪಾನ ಈ ಕಾಯಿಲೆಗೆ ಮತ್ತೊಂದು ಮುಖ್ಯ ಕಾರಣ.

ಎರಡನೆಯ ದಿನ ಲೈಪೇಸ್ ಪ್ರಮಾಣ ಇಳಿದುದನ್ನು ಕಂಡು ಅಕ್ಕ ನೆಮ್ಮದಿಯ ಉಸಿರು ಬಿಟ್ಟಳು. ವೈದ್ಯರು ಮಾತ್ರ ಭಾವನವರನ್ನು ತೀವ್ರ ನಿಗಾ ಘಟಕದಿಂದ ಹೊರಗೆ ಕಳುಹಿಸಲೊಪ್ಪಲಿಲ್ಲ. “ಲೈಪೇಸ್ ಕಾಯಿಲೆ ಯಾವುದೆಂದು ಹೇಳುತ್ತದೆ ಮೇಷ್ಟ್ರೇ, ಎಷ್ಟು ಉಗ್ರವೆಂದು ಹೇಳುವುದಿಲ್ಲ. ಡಿ-ಡೈಮರ್ ಹೆಚ್ಚಿದೆ, ಉಸಿರಾಟದ ವೇಗವೂ ಏರುತ್ತಿದೆ” ಎಂದರು. ಆ ರಾತ್ರಿಯೇ ಶ್ವಾಸಕೋಶ ಸೋಲತೊಡಗಿತು. ಆಮ್ಲಜನಕ ಕೊಡಲು ಎಲ್ಲವೂ ಸಿದ್ಧವಿದ್ದುದರಿಂದ ಅವರು ಉಳಿದರು.

ಡಿ-ಡೈಮರ್ ಎಂದರೇನು? ಉರಿಯೂತ ಗ್ರಂಥಿಯ ಎಲ್ಲೆ ದಾಟಿ ದೇಹವನ್ನೆಲ್ಲ ವ್ಯಾಪಿಸಿದಾಗ ರಕ್ತನಾಳಗಳ ಒಳಪದರ ಕೆರಳುತ್ತದೆ. ಗಾಯವಿಲ್ಲದೆಯೇ ಸೂಕ್ಷ್ಮ ನಾಳಗಳಲ್ಲಿ ಫೈಬ್ರಿನ್ ಬಲೆ ಕಟ್ಟತೊಡಗುತ್ತದೆ. ದೇಹ ಆ ಬಲೆಯನ್ನು ತುಂಡರಿಸಿದಾಗ ಉಳಿಯುವ ಚೂರುಗಳೇ ಡಿ-ಡೈಮರ್. ಹೆಪ್ಪುಗಟ್ಟುವುದನ್ನು ಹತೋಟಿಯಲ್ಲಿಡುವ ಆಂಟಿಥ್ರಾಂಬಿನ್ ಇತ್ತ ವ್ಯಯವಾಗಿ ಕುಗ್ಗುತ್ತದೆ. ಸೂಕ್ಷ್ಮ ನಾಳಗಳು ಕಟ್ಟಿಕೊಂಡರೆ ಗ್ರಂಥಿಯ ಭಾಗಗಳು ರಕ್ತವಿಲ್ಲದೆ ಸಾಯಬಹುದು. ಶ್ವಾಸಕೋಶ, ಮೂತ್ರಪಿಂಡಗಳೂ ಸೋಲಬಹುದು.

2012ರಲ್ಲಿ ಪರಿಷ್ಕೃತವಾದ ಅಟ್ಲಾಂಟಾ ವರ್ಗೀಕರಣದಂತೆ, ಅಂಗವೈಫಲ್ಯ 48 ಗಂಟೆಗಳನ್ನು ಮೀರಿ ಮುಂದುವರಿದರೆ ಮಾತ್ರ ಕಾಯಿಲೆ ‘ಉಗ್ರ’. 1974ರಲ್ಲಿ ರ‍್ಯಾನ್ಸನ್ ಪ್ರಕಟಿಸಿದ 11 ಅಂಶಗಳ ಲೆಕ್ಕ ಪೂರ್ತಿಯಾಗಲೂ 48 ಗಂಟೆ ಬೇಕು. ಅಷ್ಟು ಕಾಯದೆ ಮುನ್ಸೂಚನೆ ಪಡೆಯಬಹುದೇ ಎಂದೇ ಸಂಶೋಧಕರು ಹೆಪ್ಪುಗಟ್ಟುವಿಕೆಯ ಈ ಗುರುತುಗಳನ್ನು ಪರಿಶೀಲಿಸಿದ್ದಾರೆ. ಕಾಯಿಲೆ ಉಗ್ರವಾದವರಲ್ಲಿ ಮೊದಲ ದಿನಗಳಲ್ಲೇ ಡಿ-ಡೈಮರ್ ಹೆಚ್ಚಾಗಿಯೂ ಆಂಟಿಥ್ರಾಂಬಿನ್ ಕಡಿಮೆಯಾಗಿಯೂ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಆದರೆ ಭಾವನವರೊಬ್ಬರ ಅನುಭವ ಸಿದ್ಧಾಂತವಾಗದು. 2020-21ರ ಕೊರೊನಾ ಕಾಲದಲ್ಲಿ ಡಿ-ಡೈಮರ್ ಹೆಸರನ್ನು ಅನೇಕ ಮನೆಗಳು ಭಯದಿಂದ ಕೇಳಿದವು. ಮುಪ್ಪು, ಸೋಂಕು, ಶಸ್ತ್ರಚಿಕಿತ್ಸೆ, ಗರ್ಭಧಾರಣೆ – ಇವುಗಳಲ್ಲಿಯೂ ಅದು ಏರುತ್ತದೆ. ಆದುದರಿಂದ ಅದು ತೀರ್ಪಲ್ಲ. ಉಸಿರು, ನಾಡಿ, ಮೂತ್ರದ ಪ್ರಮಾಣಗಳ ಜೊತೆಗೆ ಓದಬೇಕಾದ ಒಂದು ಸಾಕ್ಷಿ.

ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಎರಡು ಮಾತು. ಮೇಲ್ಹೊಟ್ಟೆಯ ತೀವ್ರ ನೋವು ಬೆನ್ನಿಗೆ ಹರಡಿ ವಾಂತಿಯೂ ಆದರೆ, ವಾಯು ಎಂದು ಸೋಡಾ ಕುಡಿದು ರಾತ್ರಿ ಕಳೆಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ವರದಿ ಕೈಗೆ ಬಂದಾಗ ಅಂಕಿಯನ್ನಷ್ಟೇ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಅದು ಯಾವ ಪ್ರಶ್ನೆಗೆ ಉತ್ತರವೆಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ.