ಕಣ್ತಪ್ಪಿಸಿದ ಓಲೆ

ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ 1988ರಲ್ಲಿ ವ್ಯಾಸಂಗಕ್ಕೆಂದು ಅಮೆರಿಕೆಯಲ್ಲಿ ಬಂದಿಳಿದಾಗ ಆತನ ಜೇಬಿನಲ್ಲಿದ್ದುದು 250 ಡಾಲರು. ಮುಂದೆ ಕ್ಯಾಲಿಫೋರ್ನಿಯದಲ್ಲಿ ನೌಕರಿಯಲ್ಲಿದ್ದಾಗ, ಸಹೋದ್ಯೋಗಿ ಜಾಕ್ ಸ್ಮಿತ್‌ನೊಡನೆ ಸ್ವಂತ ಉದ್ಯಮವೊಂದರ ಹಂಚಿಕೆ ಹೂಡತೊಡಗಿದ. ಆದರೆ ಕಚೇರಿಯ ಕಂಪ್ಯೂಟರಿನಲ್ಲಿ ಪತ್ರ ಬರೆದುಕೊಂಡರೆ ಯಜಮಾನರ ಕಣ್ಣಿಗೆ ಬಿದ್ದೀತೆಂಬ ಅಳುಕು! ಯಾವ ಊರಿನ ಯಾವ ಕಂಪ್ಯೂಟರಿನಿಂದಲಾದರೂ ತೆರೆದು ಓದಬಹುದಾದ ಅಂಚೆಪೆಟ್ಟಿಗೆಯಿದ್ದರೆ? ಹೊಳೆದದ್ದು ಸ್ಮಿತ್‌ಗೆ; ಹಣವುಳ್ಳವರನ್ನು ಒಲಿಸಿದವನು ಭಾಟಿಯಾ. 1996ರ ಜುಲೈ 4ರಂದು ‘ಹಾಟ್‌ಮೇಲ್’ ಹುಟ್ಟಿತು. ಬಳಸುವವರಿಗೆ ಬಿಡಿಕಾಸಿನ ಖರ್ಚಿಲ್ಲ. ಮರುವರ್ಷದ ಕೊನೆಗೆ ಮೈಕ್ರೊಸಾಫ್ಟ್ ಸಂಸ್ಥೆ ಅದನ್ನು ಸುಮಾರು 40 ಕೋಟಿ ಡಾಲರಿಗೆ ಕೊಂಡಿತು.

ಅಷ್ಟಕ್ಕೆ ಕೈಕಟ್ಟಿ ಕೂರುವ ಜಾಯಮಾನ ಆತನದಲ್ಲ. ‘ಆರ್ಜೂ’ ಎಂಬ ಹೊಸ ಉದ್ಯಮ ಕಟ್ಟಿದ. ಆರ್ಜೂ ಎಂದರೆ ಹಂಬಲ. ಇಂಟರ್‌ನೆಟ್ ಕಂಪನಿಗಳ ಷೇರುಗಳು ಕುಸಿದ ಕಾಲ. 2001ರಲ್ಲಿ ಅದು ಬಾಗಿಲು ಹಾಕಿತು. ಮುಂದೆ ಅದೇ ಹೆಸರನ್ನು ಪ್ರವಾಸದ ವ್ಯಾಪಾರಕ್ಕಿಟ್ಟು ಆತ ಮತ್ತೆ ಅಂಗಡಿ ತೆರೆದ.