ಹಳೇ ಫಿಯಟ್ಟಿನ ಹೊಟ್ಟೆ ತೊಳೆದೆವು

ಖಾನಾಪುರದ ಮಣ್ಣಿನ ಕೊಡ ನೀವು ನೋಡಿರಬಹುದು. ಅದರ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಅವುಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನೂ ಕೊಂಡೊಯ್ಯುತ್ತದೆ. ಹೀಗಾಗಿ ಕೊಡದ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಆದರೆ ಕೊಡ ಹಳೆಯದಾದಂತೆ ನೀರಿನಲ್ಲಿರುವ ಉಪ್ಪು ಕೂತು ರಂಧ್ರಗಳು ಮುಚ್ಚುತ್ತವೆ. ಕೊಡ ಒಡೆದಿರುವುದಿಲ್ಲ, ಸೋರುವುದೂ ಇಲ್ಲ. ಆದರೂ ನೀರು ತಣ್ಣಗಾಗುವುದಿಲ್ಲ. ನಮ್ಮ ಮನೆಯ ಹಳೇ ಕಾರಿಗೂ ಇಂಥದೇ ರೋಗ ಬಂದಿತ್ತು.

ಅದು 1968ರ ಫಿಯಟ್ 1100 ಡಿಲೈಟ್. ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾದದ್ದು. ಮುಂದೆ ಇದೇ ಕಾರು ಪದ್ಮಿನಿ ಎಂಬ ಹೆಸರು ಪಡೆದು ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯೂ ಆಯಿತು. ನಮ್ಮಕ್ಕ ಮದುವೆಯಾಗಿ ಖಾನಾಪುರದ ಗಂಡನ ಮನೆಗೆ ಹೋದದ್ದು ಈ ಕಾರಿನಲ್ಲೇ. ಈಗ ಆಕೆಗೆ ಎಂಬತ್ತು ಸಮೀಪಿಸಿದೆ. ‘ಒಮ್ಮೆ ಅದರಾಗ ಕೂತು ತವರಿಗೆ ಬರಬೇಕಪಾ’ ಎಂದು ಪ್ರತಿ ಸಲ ಫೋನಿನಲ್ಲಿ ಹೇಳುತ್ತಾಳೆ. ಆದರೆ ಬೆಳಗಾವಿಯ ಟಿಳಕವಾಡಿ ದಾಟುವುದರೊಳಗೆ ಬಿಸಿಯ ಮುಳ್ಳು ಕೆಂಪಿಗೆ ಬರುತ್ತಿತ್ತು. ‘ಅಪ್ಪಾ, ಗುಜರಿಯಾವ ಬಂದು ನೋಡಿ ಹೋಗ್ಯಾನ. ದಸರಾದೊಳಗ ಸರಿ ಆಗಲಿಲ್ಲಂದ್ರ ಕೊಟ್ಟುಬಿಡೂಣು’ ಎಂದ ಮಗ.

ಮಿಸ್ತ್ರಿ ಬಂದರು. ಏಳನೆಯ ಇಯತ್ತೆಯ ಮೊಮ್ಮಗಳು ಅವರ ಬೆನ್ನು ಬಿಡಲಿಲ್ಲ. ‘ಕಾಕಾ, ಎಂಜಿನ್ನಿನಾಗ ಜಂಗು ಹೆಂಗ ಬಂತು?’

‘ಎಂಜಿನ್ನಿನ ಬ್ಲಾಕ್ ಬೀಡಿಂದು ತಂಗಿ. ನಮ್ಮ ಉದ್ಯಮಬಾಗದ ಫೌಂಡ್ರಿಯೊಳಗ ಕರಗಿಸಿ ಎರಕಾ ಹೊಯ್ತಾರಲ್ಲ, ಅಂಥಾ ಕಬ್ಬಿಣ. ಅದರ ಸುತ್ತ ಯಾವಾಗಲೂ ನೀರು ಓಡತೈತಿ. ಕಬ್ಬಿಣಕ್ಕ ನೀರು, ಗಾಳಿ ಎರಡೂ ಸಿಕ್ಕರ ಜಂಗು ಹಿಡೀದ ಬಿಡತೈತೇನು?’

ಎಂಜಿನ್ನಿನಲ್ಲಿ ಕಾದ ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಇಳಿಯುತ್ತ ಗಾಳಿಗೆ ಆರುತ್ತದೆ, ಮತ್ತೆ ಎಂಜಿನ್ನಿಗೆ ಹೋಗುತ್ತದೆ. ಬೋರಿನ ಗಡಸು ನೀರು ಹಾಕಿದರೆ ಸ್ನಾನದ ಹಂಡೆಯ ಒಳಗೆ ಕೂರುವಂಥ ಬಿಳಿ ಕಿಟ್ಟ ಇಲ್ಲೂ ಕೂರುತ್ತದೆ. ಜಂಗು, ಕಿಟ್ಟ ಎರಡೂ ಸೇರಿ ಕೊಳವೆ ಕಟ್ಟಿಕೊಂಡರೆ ನೀರು ಆರುವುದೆಲ್ಲಿ?

ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಮಿಸ್ತ್ರಿ ಕೆಲಸ ಶುರು ಮಾಡಿದರು. ಬಿಸಿ ರೇಡಿಯೇಟರಿನ ಒಳಗೆ ಒತ್ತಡವಿರುತ್ತದೆ. ಮುಚ್ಚಳ ತೆಗೆದ ಕ್ಷಣವೇ ಕುದಿನೀರು ಮುಖಕ್ಕೆ ಹಾರುತ್ತದೆ. ಮಕ್ಕಳೇ, ಅದನ್ನು ಎಂದೂ ಮುಟ್ಟಬೇಡಿ.

ಮೊದಲು ರೇಡಿಯೇಟರಿನ ತಳದ ನಲ್ಲಿ ತಿರುಗಿಸಿದರು. ಬೆಲ್ಲ ಕರಗಿಸಿದಂಥ ಕಂದು ನೀರು ಬಂತು. ಬ್ಲಾಕಿನ ಬದಿಯ ಬಿರಡೆ ಬಿಚ್ಚಿದರೆ ಒಂದು ಹನಿಯೂ ಇಲ್ಲ! ಒಳಗೆ ಕೆಸರು ಗಟ್ಟಿಯಾಗಿತ್ತು. ತಂತಿಯಿಂದ ಚುಚ್ಚಿದ ಮೇಲೆ ಕೆಂಪು ರಾಡಿ ಗಳಗಳ ಇಳಿಯಿತು. ಆಮೇಲೆ ಹದವಾಗಿ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಕರಗಿಸಿದ ನೀರು ತುಂಬಿ ಎಂಜಿನ್ ಸ್ವಲ್ಪ ಹೊತ್ತು ಓಡಿಸಿದರು.

‘ಬಚ್ಚಲಾ ತೊಳಿಯೂ ಆಸಿಡ್ ಹಾಕಿದ್ರ ಲಗೂನ ಆಗ್ತಿತ್ತಲ್ಲ ಕಾಕಾ?’

‘ಅದು ಜಂಗಿನ ಕೂಡ ಕಾರನ್ನೂ ತಿಂತೈತಿ! ಎಂಜಿನ್ನಿನ ಮ್ಯಾಲಿನ ಹೆಡ್ಡು ಅಲ್ಯುಮಿನಿಯಂದು.’

ತಣ್ಣಗಾದ ಮೇಲೆ ಆ ನೀರು ಚೆಲ್ಲಿ, ಉಳಿದ ಹುಳಿ ಹೋಗಲೆಂದು ಅಡುಗೆ ಸೋಡಾ ಬೆರೆಸಿದ ನೀರು ಓಡಿಸಿದರು. ನಂತರ ಥರ್ಮೋಸ್ಟಾಟ್ ತೆಗೆದು, ಹೋಸ್‌ಗಳನ್ನು ಬಿಚ್ಚಿ, ರೇಡಿಯೇಟರಿಗೆ ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟರು. ದಿನವೂ ನೀರು ಹರಿಯುವುದು ಮೇಲಿನಿಂದ ಕೆಳಕ್ಕೆ. ಆದ್ದರಿಂದ ಕಸ ಕೊಳವೆಗಳ ಮೇಲಿನ ಬಾಯಲ್ಲೇ ಸಿಕ್ಕಿಕೊಂಡಿರುತ್ತದೆ. ಹಿಂದಿನಿಂದ ತಳ್ಳಿದರೆ ಮಾತ್ರ ಅದು ಹೊರಗೆ ಬರುತ್ತದೆ. ಮೊಮ್ಮಗಳು ಪ್ರತಿ ಸಲದ ನೀರನ್ನೂ ಒಂದೊಂದು ಗಾಜಿನ ಬಾಟಲಿಯಲ್ಲಿ ಹಿಡಿದಿಟ್ಟಳು. ಮೊದಲನೆಯದು ಬೆಲ್ಲದ ಪಾಕ, ಮೂರನೆಯದು ಚಹಾ, ಏಳನೆಯದು ತಿಳಿನೀರು.

ಕೊನೆಗೆ ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್ ತುಂಬಿದರು. ಕೂಲಂಟ್ ರುಚಿಗೆ ಸಿಹಿ, ಆದರೆ ವಿಷ. ನಾಯಿ, ಕರು ನೆಕ್ಕಿದರೆ ಜೀವಕ್ಕೇ ಅಪಾಯ. ನೆಲಕ್ಕೆ ಬಿದ್ದ ನಾಲ್ಕು ಹನಿಯನ್ನೂ ಮಿಸ್ತ್ರಿ ಒರೆಸಿ ತೆಗೆದರು.

ದಸರಾಕ್ಕೆ ಎರಡು ದಿನ ಮೊದಲು ಹೊರಟೆವು. ಸ್ಟೇರಿಂಗ್ ಮಗನ ಕೈಯಲ್ಲಿ, ಮುಳ್ಳಿನ ಮೇಲೆ ಮೊಮ್ಮಗಳ ಕಣ್ಣು. ಉದ್ಯಮಬಾಗ, ಪೀರನವಾಡಿ, ಮಚ್ಛೆ ದಾಟಿದವು. ‘ನಡುಕೇ ಐತಿ ಅಜ್ಜಾ’ ಎಂದು ಅವಳು ಊರೂರಿಗೆ ವರದಿ ಒಪ್ಪಿಸಿದಳು. ಖಾನಾಪುರ ಬಂದರೂ ಮುಳ್ಳು ಕದಲಲಿಲ್ಲ.

ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು. ಬಾನೆಟ್ಟಿನ ಮೇಲೆ ಕೈಯಿಟ್ಟು, ‘ಮೈ ಸುಡವಲ್ತು, ಜ್ವರ ಬಿಟ್ಟೈತಿ’ ಎಂದಳು. ಆಮೇಲೆ ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತಳು. ಮದುವೆಯ ದಿನ ಕೂತದ್ದೂ ಅಲ್ಲೇ ಅಂತೆ.

ಬೆಳಗಾವಿಗೆ ಮರಳುವಾಗ ಮಗನ ಫೋನು ರಿಂಗಾಯಿತು. ಅವನು ಗಾಡಿ ಬದಿಗೆ ನಿಲ್ಲಿಸಿ ಮಾತಾಡಿದ: ‘ಇಲ್ಲರಿ, ಗಾಡಿ ಕೊಡೂದಿಲ್ಲ. ನಮ್ಮತ್ತಿ ಅದರಾಗ ಕುಂತಾರ.’